ಬ್ರೇಕ್ ಒತ್ತಿದರೆ ಆರುವ ಲೈಟು: ಮನೆಯಲ್ಲೇ ಬಾಡಿ ಕೂರಿಸಿದ ಜೀಪನ್ನು ಟೆಸ್ಟ್‌ಗೆ ಒಯ್ಯುವ ಮೊದಲು

ನೋಂದಣಿ ನವೀಕರಣದ ಟೆಸ್ಟ್‌ಗೆಂದು ಜೀಪನ್ನು ಗ್ರೌಂಡಿಗೆ ಒಯ್ದು ಪಾರ್ಕ್ ಲೈಟ್ ಹಾಕಿದ್ದೆ. ಹಿಂದಿನ ಎರಡೂ ಕೆಂಪು ದೀಪ ಚೆನ್ನಾಗಿಯೇ ಉರಿಯುತ್ತಿದ್ದವು. ಇನ್‌ಸ್ಪೆಕ್ಟರ್ ಜೀಪಿನ ಹಿಂದೆ ನಿಂತು "ಬ್ರೇಕ್ ಒನ್ನ್ ಚವಿಟ್ಟಿಯೇ" (ಬ್ರೇಕ್ ಒಮ್ಮೆ ಒತ್ತಿ) ಎಂದು ಮಲಯಾಳದಲ್ಲಿ ಹೇಳಿದರು. ಒತ್ತಿದೆ. ಬಲಗಡೆಯ ದೀಪ ಜೋರಾಯಿತು. ಎಡಗಡೆಯದ್ದು ಆರಿಯೇ ಹೋಯಿತು. ಕಾಲು ತೆಗೆದೆ, ಮತ್ತೆ ಹತ್ತಿತು. ಒತ್ತಿದೆ, ಆರಿತು. ಅವರಿಗೆ ನಗು ಬಂತು. "ಶರಿಯಾಕ್ಕೀಟ್ ವಾ ಮಾಷೇ" (ಸರಿ ಮಾಡಿಕೊಂಡು ಬನ್ನಿ ಮಾಷ್ಟ್ರೇ) ಎಂದು ಫೈಲು ಕೈಗೆ ಕೊಟ್ಟರು.

ಅವರದ್ದೇನೂ ತಪ್ಪಿಲ್ಲ. ಹಿಂದಿನಿಂದ ಬರುವವನಿಗೆ ನಾನು ಬ್ರೇಕ್ ಹಿಡಿದಾಗ ಒಂದು ದೀಪ ಆರಿದರೆ ಅವನು ಏನಂತ ತಿಳಿಯಬೇಕು? ಆದರೆ ಮನೆಯಲ್ಲಿ ಹತ್ತು ಸಲ ನೋಡಿ ಹೊರಟಿದ್ದೆನಲ್ಲ, ಆಗ ಎರಡೂ ಹತ್ತಿದ್ದವು. ಅದು ಹೇಗೆ ಎನ್ನುವುದು ಆಮೇಲೆ ಗೊತ್ತಾಯಿತು. ಹಳೆ ಗಾಡಿಗೆ ಹೊಸ ಬಾಡಿ ಹಾಕಿದವರಿಗೆ, ಪೂರ್ತಿ ಪೈಂಟ್ ಮಾಡಿಸಿದವರಿಗೆ, ಫೈಬರ್ ಬಾಡಿ ಕೂರಿಸಿದವರಿಗೆ ಈ ಕಾಯಿಲೆ ಬಂದೇ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಜೀಪಿನ ಜಾತಕ

1995ರ ಡೀಸೆಲ್ ಜೀಪು. ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯ ತೋಟದ ಮನೆಗಳಲ್ಲಿ ಇಂಥದ್ದು ಈಗಲೂ ಸಾಕಷ್ಟಿವೆ. ಅಡಕೆ, ಗೊಬ್ಬರ, ಹುಲ್ಲು, ಮದುವೆಗೆ ಹೋಗುವ ಜನ, ಎಲ್ಲವನ್ನೂ ಹೊತ್ತದ್ದು. ಖಾಸಗಿ ಗಾಡಿಯ ನೋಂದಣಿಗೆ ಮೊದಲು 15 ವರ್ಷದ ಆಯಸ್ಸು, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಹಾಗಾಗಿ ನನಗಿದು ನಾಲ್ಕನೇ ಟೆಸ್ಟ್. ಹಿಂದಿನ ಮೂರು ಸಲ ತೊಂದರೆ ಆಗಿರಲಿಲ್ಲ.

ಈ ಸಲ ಬಾಡಿಯ ತಳ ಪೂರ್ತಿ ಹೋಗಿತ್ತು. ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ, ಕೆಳಗೆ ಕೆಸರು, ಕುಂಬಳೆ ಕಡೆ ಹೋದರೆ ಉಪ್ಪು ಗಾಳಿ. ತಗಡು ಎಷ್ಟು ದಿನ ತಾಳೀತು? ನಿವೃತ್ತಿಯಾದ ಮೇಲೆ ಪುರುಸೊತ್ತಿತ್ತು. ಅದೇ ಅಳತೆಯ, ಅದೇ ಆಕಾರದ ಹೊಸ ಬಾಡಿ ತರಿಸಿ, ಭಾವನನ್ನು ಜೊತೆಗೆ ಹಾಕಿಕೊಂಡು, ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಎರಡು ತಿಂಗಳು ಕೂತು ಕಟ್ಟಿದೆವು. ಪ್ರೈಮರ್ ಎರಡು ಕೈ, ಬಣ್ಣ ಮೂರು ಕೈ. ಆರ್‌ಸಿಯಲ್ಲಿ ಇದ್ದ ಅದೇ ಬಣ್ಣ.

"ಅದೇ" ಎಂದು ಎರಡೆರಡು ಸಲ ಹೇಳಿದ್ದಕ್ಕೆ ಕಾರಣ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಜೀಪು ಮಾರ್ಪಡಿಸುವುದಕ್ಕೆ ಹೆಸರಾದ ಹರಿಯಾಣದ ಮಂಡಿ ಡಬ್ವಾಲಿಯಿಂದ ಅಗಲದ ಬಾಡಿ, ದೊಡ್ಡ ಟೈರು ತರಿಸಿ ಜೋಡಿಸಿದರೆ ಫೋಟೋಗೆ ಚಂದ, ಟೆಸ್ಟ್‌ಗೆ ಅಲ್ಲ. ಬ್ರಿಟನ್ನಿನಲ್ಲಿ ಬಿಡಿ ಭಾಗ ತಂದು ಮನೆಯಲ್ಲೇ ಕಿಟ್ ಕಾರು ಕಟ್ಟಿದವರು ಒಂದೇ ಒಂದು ಗಾಡಿಯನ್ನು ಒಯ್ದು ಪಾಸು ಮಾಡಿಸಿಕೊಳ್ಳಲು ಐವಿಎ ಎಂಬ ಪರೀಕ್ಷೆ 2009ರಿಂದ ಇದೆ. ನಮ್ಮಲ್ಲಿ ಹೊಸ ಮಾದರಿ ಎಂದರೆ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಮಾದರಿ ಪರೀಕ್ಷೆ ಆಗಬೇಕು. ಶೆಡ್ಡಿನಲ್ಲಿ ಕಟ್ಟುವವನ ಕೈಗೆಟಕುವ ಮಾತಲ್ಲ. ಹಾಗಾಗಿ ಚಾಸಿ, ಇಂಜಿನ್ ಹಳೆಯದೇ ಇರಲಿ, ಬಾಡಿಯ ಆಕಾರವೂ ಹಳೆಯದೇ ಇರಲಿ.

ದುಡ್ಡು ಹೋದ ದಾರಿ

ಗ್ರೌಂಡಿನಿಂದ ಬರುವಾಗಲೇ ದಾರಿಯಲ್ಲಿ ಹೊಸ ಬಲ್ಬ್ ತಗೊಂಡೆ. ಹಿಂದಿನ ದೀಪಕ್ಕೆ ಹಾಕುವುದು ಎರಡು ಎಳೆಯ ಬಲ್ಬ್. ಪಾರ್ಕಿಗೆ 5 ವ್ಯಾಟ್‌ನ ಎಳೆ, ಬ್ರೇಕಿಗೆ 21 ವ್ಯಾಟ್‌ನ ಎಳೆ, ಎರಡೂ ಒಂದೇ ಗಾಜಿನೊಳಗೆ. ಹಾಕಿ ನೋಡಿದೆ. ಅದೇ ಕಥೆ. ಇನ್ನೊಂದು ಕಂಪನಿಯ ಬಲ್ಬ್. ಅದೇ ಕಥೆ. ಹೋಲ್ಡರ್ ಹಾಳಾಗಿರಬಹುದು ಎಂದು ದೀಪವನ್ನೇ ಪೂರ್ತಿ ಹೊಸತು ಹಾಕಿದೆ. ಎಡ ಇಂಡಿಕೇಟರ್ ಬೇರೆ ಒಮ್ಮೆ ಹೊಡೆದರೆ ಒಮ್ಮೆ ಇಲ್ಲ. ಅದಕ್ಕೆ ಇಂಡಿಕೇಟರ್ ಮಿನುಗಿಸುವ ಫ್ಲಾಶರ್ ಬದಲಿಸಿದೆ. ಬ್ರೇಕ್ ಸ್ವಿಚ್ಚನ್ನೂ ಬಿಡಲಿಲ್ಲ.

ಕೊನೆಗೆ ಪೇಟೆಯ ವಯರಿಂಗ್ ಕಾಕನನ್ನು ಕರೆದೆ. ಅವರು ಬಂದವರು ಬಲ್ಬ್ ಬಿಚ್ಚಲೇ ಇಲ್ಲ. ಚೀಲದಿಂದ ಎರಡು ಮೀಟರ್ ವಯರ್ ತೆಗೆದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಕಟ್ಟಿದರು. ಇನ್ನೊಂದು ತುದಿಯನ್ನು ಎಡ ದೀಪದ ಹಿಂಬದಿಯ ಲೋಹಕ್ಕೆ ಒತ್ತಿ ಹಿಡಿದರು. "ಬ್ರೇಕ್ ಹಿಡಿಯಿರಿ" ಎಂದರು. ದೀಪ ಝಗ್ಗನೆ ಹತ್ತಿತು. ವಯರ್ ತೆಗೆದರು, ಆರಿತು.

"ಬಲ್ಬ್ ಅಲ್ಲ ಮಾಷ್ಟ್ರೇ. ಕರೆಂಟ್ ಬಂದಿದೆ. ವಾಪಸ್ ಹೋಗ್ಲಿಕ್ಕೆ ದಾರಿ ಇಲ್ಲ."

ಒಂದು ತುಂಡು ವಯರಿನ ಈ ಪರೀಕ್ಷೆಯನ್ನು ಮೊದಲು ಮಾಡಿದ್ದರೆ ಬಲ್ಬ್, ದೀಪ, ಫ್ಲಾಶರ್, ಸ್ವಿಚ್ಚು ಎಲ್ಲದರ ದುಡ್ಡು ಉಳಿಯುತ್ತಿತ್ತು. ಆದರೆ ವಯರಿನ ತುದಿ ಪ್ಲಸ್ ಇರುವ ಕಡೆಗೆ ತಾಗದ ಹಾಗೆ ನೋಡಿಕೊಳ್ಳಿ. ಕೈಯಲ್ಲಿ ಉಂಗುರ, ಸ್ಟೀಲ್ ವಾಚ್ ಇದ್ದರೆ ತೆಗೆದಿಡಿ.

ದೀಪ ಆರುವುದೇಕೆ?

ಗಾಡಿಯ ದೀಪದ ಒಂದೊಂದು ಎಳೆಗೂ ಬರುವುದು ಒಂದೇ ವಯರ್, ಪ್ಲಸ್. ವಾಪಸ್ ಹೋಗುವ ದಾರಿ ಬಾಡಿಯೇ. ದೀಪದ ಡಬ್ಬಿ ಬೋಲ್ಟಿನ ಮೂಲಕ ಬಾಡಿಗೆ, ಬಾಡಿಯಿಂದ ಚಾಸಿಗೆ, ಅಲ್ಲಿಂದ ಬ್ಯಾಟರಿಯ ಮೈನಸ್‌ಗೆ. ಇದನ್ನೇ ಅರ್ತ್ ಅನ್ನುವುದು. ಹಳೆ ಬಾಡಿಯಲ್ಲಿ ಪೈಂಟ್ ಕಿತ್ತು, ತಗಡಿಗೆ ತಗಡು ತಾಗಿ, ದಾರಿ ತಾನಾಗಿ ಇತ್ತು. ನಾನು ಐದು ಕೈ ಬಣ್ಣ ಬಳಿದು ಆ ದಾರಿಯನ್ನು ಚಂದವಾಗಿ ಮುಚ್ಚಿಬಿಟ್ಟಿದ್ದೆ. ಬಲಗಡೆ ಬೋಲ್ಟ್ ಬಿಗಿಯುವಾಗ ಎಲ್ಲೋ ಬಣ್ಣ ಸೀಳಿ ಲೋಹ ತಾಗಿತ್ತು, ಅಷ್ಟೇ ಅದರ ಅದೃಷ್ಟ.

ಈಗ ಎಡ ದೀಪದೊಳಗೆ ಏನಾಗುತ್ತದೆ ನೋಡಿ. ಬಲ್ಬಿನ ಎರಡು ಎಳೆಗಳೂ ಒಂದೇ ಹಿತ್ತಾಳೆ ಬುಡಕ್ಕೆ ಸೇರಿರುತ್ತವೆ. ಬುಡಕ್ಕೆ ಅರ್ತ್ ಇಲ್ಲ. ಪಾರ್ಕ್ ಲೈಟ್ ಹಾಕಿದರೆ ಕರೆಂಟ್ 5 ವ್ಯಾಟ್‌ನ ಎಳೆಯಲ್ಲಿ ಬುಡಕ್ಕೆ ಬರುತ್ತದೆ. ಅಲ್ಲಿಂದ ದಾರಿ ಕಾಣದೆ 21 ವ್ಯಾಟ್‌ನ ಎಳೆಯೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಬ್ರೇಕಿನ ವಯರ್ ಹಿಡಿದು ಬಲಗಡೆಗೆ ಹೋಗುತ್ತದೆ. ಬಲಗಡೆಯ ಬ್ರೇಕಿನ ಎಳೆ ದಾಟಿ, ಅಲ್ಲಿಯ ಒಳ್ಳೆ ಅರ್ತ್‌ನಲ್ಲಿ ಇಳಿಯುತ್ತದೆ. ದಪ್ಪ ಎಳೆಗಳು ಅಷ್ಟು ಸಣ್ಣ ಕರೆಂಟಿಗೆ ಕಾಯುವುದೂ ಇಲ್ಲ, ಹತ್ತುವುದೂ ಇಲ್ಲ. ಹಾಗಾಗಿ ಎಡ ಪಾರ್ಕ್ ಲೈಟ್ ಏನೂ ಆಗದ ಹಾಗೆ ಉರಿಯುತ್ತದೆ. ನೆರೆಮನೆಯ ತೋಟದೊಳಗಿಂದ ರಸ್ತೆಗೆ ಇಳಿದ ಹಾಗೆ.

ಬ್ರೇಕ್ ಒತ್ತಿದ ಕ್ಷಣ ಆ ತೋಟದ ಗೇಟು ಮುಚ್ಚಿತು. ಬ್ರೇಕಿನ ವಯರಿನಲ್ಲೂ ಈಗ 12 ವೋಲ್ಟ್. ಎರಡು ಕಡೆಯಿಂದಲೂ ತಳ್ಳುವವರೇ, ಇಳಿಯುವ ಜಾಗ ಇಲ್ಲ. ಕರೆಂಟ್ ನಿಂತಿತು, ದೀಪ ಆರಿತು.

ಮನೆಯಲ್ಲಿ ನಾನು ಏಕೆ ಮೋಸ ಹೋದೆ? ಹಗಲಿನಲ್ಲಿ, ಪಾರ್ಕ್ ಲೈಟ್ ಹಾಕದೆ, ಬರೀ ಬ್ರೇಕ್ ಒತ್ತಿ ನೋಡಿದ್ದೆ. ಆಗ ಕರೆಂಟ್ ಉಲ್ಟಾ ಸುತ್ತು ಹೊಡೆಯುತ್ತದೆ. ಬ್ರೇಕಿನ ಎಳೆಯಿಂದ ಬುಡಕ್ಕೆ, ಬುಡದಿಂದ ಪಾರ್ಕಿನ ಎಳೆಗೆ, ಅಲ್ಲಿಂದ ಉಳಿದ ಪಾರ್ಕ್ ದೀಪಗಳ ಮೂಲಕ ಅರ್ತ್‌ಗೆ. ಉರಿದದ್ದು 5 ವ್ಯಾಟ್‌ನ ಎಳೆ! ಹಿಂದೆ ನಿಂತಿದ್ದ ಭಾವ "ಎರಡೂ ಹತ್ತಿತು, ಎಡದ್ದು ಸ್ವಲ್ಪ ಮಂಕು" ಅಂದಿದ್ದ. ಮಂಕು ಎಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಜೀಪಿನಲ್ಲಿ ಇಂಡಿಕೇಟರ್ ಬೇರೆಯೇ ದೀಪ. ಪಾರ್ಕ್, ಬ್ರೇಕ್, ಇಂಡಿಕೇಟರ್ ಮೂರೂ ಒಂದೇ ಡಬ್ಬಿಯಲ್ಲಿ ಒಂದೇ ಅರ್ತ್‌ಗೆ ಇರುವ ಗಾಡಿಯಲ್ಲಿ ಲಕ್ಷಣ ಬೇರೆ. ಬ್ರೇಕ್ ಒತ್ತಿದರೆ ಅದೇ ಬದಿಯ ಮುಂದಿನ ಇಂಡಿಕೇಟರ್ ಮಂಕಾಗಿ ಹತ್ತಬಹುದು. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪ ಜೊತೆಗೆ ಮಿನುಗಬಹುದು. ಒಂದು ಸ್ವಿಚ್ ಹಾಕಿದಾಗ ಸಂಬಂಧವೇ ಇಲ್ಲದ ಇನ್ನೊಂದು ದೀಪ ಅಲುಗಾಡಿತು ಎಂದರೆ ಬಲ್ಬಿನ ಮೇಲೆ ಸಂಶಯ ಬೇಡ, ಅರ್ತ್ ನೋಡಿ.

ಮೀಟರ್ ಹಿಡಿಯುವ ಕ್ರಮ

ವಯರಿನ ತುಂಡು ದೋಷ ಇದೆ ಎನ್ನುತ್ತದೆ. ಎಲ್ಲಿ, ಎಷ್ಟು ಎಂದು ಹೇಳಲು ಮಲ್ಟಿಮೀಟರ್ ಬೇಕು. ಸಾಧಾರಣದ್ದು ಸಾಕು. ಆದರೆ ಹೆಚ್ಚಿನವರು ಮೀಟರನ್ನು ಬೀಪ್ ಮೋಡಿಗೆ ಹಾಕಿ, ದೀಪದ ಬುಡಕ್ಕೊಂದು ಚಾಸಿಗೊಂದು ಕಡ್ಡಿ ತಾಗಿಸಿ, ಬೀಪ್ ಬಂದರೆ ಅರ್ತ್ ಸರಿ ಎಂದುಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾದ ವಯರೂ ಬೀಪ್ ಹೊಡೆಯುತ್ತದೆ. ತುಕ್ಕಿನ ಮೇಲೆ ಕೂತ ಬೋಲ್ಟೂ ಬೀಪ್ ಹೊಡೆಯಬಹುದು. ಮೀಟರ್ ಕಳಿಸುವ ಚೂರು ಕರೆಂಟಿಗೆ ಅಷ್ಟು ದಾರಿ ಸಾಕು. ಬಲ್ಬ್ ಕೇಳುವುದು ಹೆಚ್ಚುಕಡಿಮೆ 1.75 ಆಂಪಿಯರ್. ಕಾಲುದಾರಿಯಲ್ಲಿ ಮನುಷ್ಯ ಹೋದ ಎಂದು ಲಾರಿ ಹೋದೀತಾ?

ಸರಿಯಾದ ಕ್ರಮ ಇದು. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ. ಕೆಂಪು ಕಡ್ಡಿ ದೀಪದ ಬುಡದ ಲೋಹಕ್ಕೆ. ದೀಪ ಹಾಕಿರಬೇಕು, ಅದೇ ಮುಖ್ಯ. 0.1, 0.2 ವೋಲ್ಟ್ ತೋರಿಸಿದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ಅಂದರೆ ಎಲ್ಲೋ ಕಟ್ಟಿಕೊಂಡಿದೆ. ನನ್ನಲ್ಲಿ ಪಾರ್ಕ್ ಲೈಟ್ ಮಾತ್ರ ಇದ್ದಾಗ ಅರ್ಧ ವೋಲ್ಟಿನ ಹತ್ತಿರ ಇತ್ತು. ಬ್ರೇಕ್ ಒತ್ತಿದ ಕೂಡಲೇ 11 ದಾಟಿತು. ಸೊನ್ನೆಯ ಹತ್ತಿರ ಇರಬೇಕಾದಲ್ಲಿ 11! ಹಾಗಾಗಿ ಪಾರ್ಕ್, ಬ್ರೇಕ್, ಇಂಡಿಕೇಟರ್ ಎಲ್ಲ ಒಟ್ಟಿಗೆ ಹಾಕಿ ಅಳೆಯಿರಿ.

ಆಮೇಲೆ ಕೆಂಪು ಕಡ್ಡಿಯನ್ನು ಹಂತ ಹಂತವಾಗಿ ಸರಿಸುತ್ತಾ ಬನ್ನಿ. ದೀಪದ ಬುಡ, ದೀಪದ ಡಬ್ಬಿ, ಬೋಲ್ಟಿನ ತಲೆ, ಪಕ್ಕದ ತಗಡು (ಬಣ್ಣ ಚುಚ್ಚಿ), ಚಾಸಿ. ಯಾವ ಎರಡು ಜಾಗದ ನಡುವೆ ಸಂಖ್ಯೆ ದಪ್ಪನೆ ಇಳಿಯಿತೋ ದೋಷ ಅಲ್ಲೇ. ನನಗೆ ಬೋಲ್ಟಿನ ತಲೆಗೂ ತಗಡಿಗೂ ಮಧ್ಯೆ ಸಿಕ್ಕಿತು. ಇನ್ನೂ ಒಂದು ವೋಲ್ಟಿನಷ್ಟು ಬಾಡಿಗೂ ಚಾಸಿಗೂ ಮಧ್ಯೆ ಉಳಿದಿತ್ತು. ಯಾಕೆಂದರೆ ಬಾಡಿ ಕೂತಿದ್ದು ಹೊಸ ರಬ್ಬರ್ ಪ್ಯಾಡಿನ ಮೇಲೆ.

ರಿಪೇರಿ

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ.

ಬೋಲ್ಟಿನ ಸುತ್ತ ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣ ಕೆರೆದು ತೆಗೆಯಬೇಕು. ಎಮೆರಿ ಪೇಪರ್ ಸಾಕು. ಬೂದು ಪ್ರೈಮರ್ ಕಂಡಾಗ ಲೋಹ ಬಂತು ಎಂದು ನಿಲ್ಲಿಸಬೇಡಿ, ಬೆಳ್ಳಗೆ ಹೊಳೆಯಬೇಕು. ಹೊಸ ಬಣ್ಣ ಕೆರೆಯುವುದು ಹೊಟ್ಟೆ ಉರಿಯುವ ಕೆಲಸ, ಗೊತ್ತು. ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಮೇಲಿನಿಂದ ಗ್ರೀಸ್ ಸವರಿ. ಬಣ್ಣ ಬೇಕಾದರೂ ಹಚ್ಚಬಹುದು, ಬಿಗಿದ ನಂತರ. ಹಾಗೇ ಬಿಟ್ಟರೆ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಮತ್ತೆ ಮೊದಲಿನ ಹಾಡೇ.

ಆದರೆ ಬಾಡಿಯನ್ನು ನಂಬುವುದನ್ನೇ ಬಿಡುವುದು ಒಳ್ಳೆಯದು ಎಂದು ನನಗೆ ಈಗ ಅನಿಸುತ್ತದೆ. ಪ್ರತಿ ದೀಪದ ಬುಡದಿಂದ ಒಂದೊಂದು ಕಪ್ಪು ವಯರ್ ಎಳೆದು, ಹಿಂದಿನವನ್ನೆಲ್ಲ ಹಿಂದೆ ಚಾಸಿಯ ಒಂದು ಬೋಲ್ಟಿಗೆ, ಮುಂದಿನವನ್ನು ಮುಂದೆ ಒಂದು ಬೋಲ್ಟಿಗೆ ಸೇರಿಸಿದೆವು. ಹಿಂದಿನ ದೀಪಕ್ಕೆ 1.5 ಚದರ ಮಿ.ಮೀ., ಹೆಡ್‌ಲೈಟಿಗೆ 2.5. ಗಾಡಿಗೆಂದೇ ಬರುವ ಸಣ್ಣ ಸಣ್ಣ ಎಳೆಗಳ ವಯರನ್ನೇ ತಗೊಳ್ಳಿ. ಮನೆ ವಯರಿಂಗಿನ ಒಂಟಿ ತಂತಿ ಅದುರಿ ಅದುರಿ ಮುರಿಯುತ್ತದೆ. ವಯರಿನ ತುದಿಗೆ ಹಾಕುವ ಲೋಹದ ಲಗ್ಗನ್ನು ಚೆನ್ನಾಗಿ ಒತ್ತಿ ಕೂರಿಸಿ. ವಯರನ್ನು ತಿರುಚಿ ಬೋಲ್ಟಿಗೆ ಸುತ್ತಿದರೆ ಅದು ಕೆಲಸವಲ್ಲ. ಫೈಬರ್ ಬಾಡಿಯವರಿಗಂತೂ ಬೇರೆ ದಾರಿಯೇ ಇಲ್ಲ. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ ತಾನೇ?

ಹೆಡ್‌ಲೈಟ್ ಮತ್ತು ಬಿಸಿಯಾಗುವ ಕೇಬಲ್

ಹೆಡ್‌ಲೈಟ್ ಮಂಕು ಎಂದು ಜಾಸ್ತಿ ವ್ಯಾಟಿನ ಬಲ್ಬ್ ಹಾಕಲು ಹೋಗಬೇಡಿ. ಬಲ್ಬಿಗೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಇಲ್ಲಿ ಎರಡು ಬದಿ ಅಳೆಯಬೇಕು. ಅರ್ತ್ ಬದಿ ಮೇಲೆ ಹೇಳಿದ ಹಾಗೆ. ಪ್ಲಸ್ ಬದಿಗೆ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿ ಬಲ್ಬಿನ ಪ್ಲಸ್ ಟರ್ಮಿನಲ್‌ಗೆ, ಲೈಟ್ ಹಾಕಿಕೊಂಡು. ನನ್ನದರಲ್ಲಿ ಅರ್ತ್ ಸರಿ ಮಾಡಿದ ಮೇಲೂ ಪ್ಲಸ್ ಬದಿಯಲ್ಲಿ ಒಂದೂವರೆ ವೋಲ್ಟ್ ಹೋಗುತ್ತಿತ್ತು. ನೆಲದ ಮೇಲಿನ ಕಾಲಿನ ಡಿಪ್ ಸ್ವಿಚ್ಚು. ಮೂವತ್ತು ವರ್ಷ ಕೆಸರು ಕಾಲಿನಲ್ಲಿ ತುಳಿಸಿಕೊಂಡದ್ದು. ಎರಡು ಹೆಡ್‌ಲೈಟಿನ ಹತ್ತತ್ತಿರ 10 ಆಂಪಿಯರ್ ಅದರೊಳಗೇ ಹೋಗಬೇಕು. ಸ್ವಿಚ್ ಹೊಸತು ಹಾಕಿ, ಭಾರದ ಕರೆಂಟನ್ನು ಸ್ವಿಚ್ಚಿನ ಬದಲು ತಾನೇ ಹೊರುವ ರಿಲೇ ಕೊಟ್ಟೆವು.

ಇನ್ನೊಂದು ದೋಷವನ್ನು ಕಾಕ ಹಿಡಿದದ್ದು ಮೂಗಿನಿಂದ. ಸೆಲ್ಫ್ ಹೊಡೆಯುವಾಗ ಸುಟ್ಟ ಪ್ಲಾಸ್ಟಿಕ್ ವಾಸನೆ. ಇಂಜಿನ್ ನಿಲ್ಲಿಸಲು ಎಳೆಯುವ ಕೇಬಲ್ ಮುಟ್ಟಿದರೆ ಬಿಸಿ! ಇಂಜಿನ್ ಕೂರುವುದೂ ರಬ್ಬರಿನ ಮೇಲೆಯೇ. ಇಂಜಿನ್ನಿಗೂ ಚಾಸಿಗೂ ಇರುವ ದಪ್ಪ ಹೆಣೆದ ಪಟ್ಟಿಯನ್ನು ನಾವು ಇಂಜಿನ್ ಇಳಿಸಿದಾಗ ಬಿಚ್ಚಿ, ಜೋಡಿಸುವಾಗ ಮರೆತಿದ್ದೆವು. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಪಾಪದ ಕೇಬಲಿನ ಹೊರ ಸುರುಳಿಯಲ್ಲಿ ವಾಪಸಾಗುತ್ತಿತ್ತು. ಪಟ್ಟಿ ಶೆಡ್ಡಿನ ಮೂಲೆಯ ಡಬ್ಬದಲ್ಲಿ ಸಿಕ್ಕಿತು. ಸೆಲ್ಫ್ ಹೊಡೆಯುತ್ತಾ ಬ್ಯಾಟರಿ ಮೈನಸ್‌ಗೂ ಇಂಜಿನ್ ಬ್ಲಾಕಿಗೂ ಮೀಟರ್ ಹಿಡಿದರೆ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು.

ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಹೊಡೆಯಬೇಕು ಎಂದು ನಿಯಮ. ಗಡಿಯಾರ ಹಿಡಿದು ಎಣಿಸಿ. ಹಳೆಯ ಬಿಸಿಯಾಗುವ ಥರದ ಫ್ಲಾಶರ್ ಕರೆಂಟ್ ಕಡಿಮೆಯಾದರೆ ನಿಧಾನ ಆಗುತ್ತದೆ ಅಥವಾ ನಿಂತೇ ಹೋಗುತ್ತದೆ. ನನ್ನ ಎಡದ್ದಕ್ಕೆ ಆದದ್ದು ಅದೇ. ಎಲ್‌ಇಡಿ ಹಾಕಿದರೂ ಅದೇ ತೊಂದರೆ.

ಬಾಕಿ ಪಟ್ಟಿ, ಬೇಗ ಬೇಗ

ಬ್ರೇಕ್ ಒಂದು ಕಡೆ ಎಳೆಯುತ್ತಿದ್ದರೆ, ಒಂದು ಕಿಲೋಮೀಟರ್ ಬ್ರೇಕ್ ಹಿಡಿದು ಹಿಡಿದು ಓಡಿಸಿ ನಿಲ್ಲಿಸಿ. ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಒಯ್ಯಿರಿ. ತಣ್ಣಗಿದ್ದದ್ದು ಕೆಲಸ ಮಾಡುತ್ತಿಲ್ಲ. ಗಾಡಿ ಎಳೆಯುವುದು ಕೆಲಸ ಮಾಡುವ ಬದಿಗೆ, ಹಾಗಾಗಿ ಎಳೆದ ಬದಿಯನ್ನೇ ಬಿಚ್ಚಬೇಡಿ. ನಿಂತೇ ಮಳೆಗಾಲ ಕಳೆದ ಗಾಡಿಯಲ್ಲಿ ವೀಲ್ ಸಿಲಿಂಡರಿನ ಪಿಸ್ಟನ್ ಕಚ್ಚಿಕೊಂಡಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ನೀರನ್ನು ಹೀರುತ್ತದೆ, ಒಳಗಿಂದಲೇ ತುಕ್ಕು.

ಸ್ಟೇರಿಂಗ್ ಆಟ 30 ಡಿಗ್ರಿ ದಾಟಬಾರದು. 16 ಇಂಚಿನ ಸ್ಟೇರಿಂಗ್ ಚಕ್ರವಾದರೆ ಅಂಚಿನಲ್ಲಿ ಸುಮಾರು 10 ಸೆಂ.ಮೀ. ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಗೀರಿನೊಳಗಿನ ಸಣ್ಣ ದಿಣ್ಣೆ ಮೇಲ್ಮೈಗೆ ಸಮ ಆಯಿತೆಂದರೆ ಟೈರ್ ಮುಗಿಯಿತು. ಹಳೆ ಡೀಸೆಲ್ಲಿಗೆ ಹೊಗೆಯ ಮಿತಿ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಎಂದು ಹೇಳುವ ಅಳತೆ). ಏರ್ ಫಿಲ್ಟರ್ ತೊಳೆದು, ಹತ್ತು ಕಿಲೋಮೀಟರ್ ಓಡಿಸಿ ಇಂಜಿನ್ ಬಿಸಿ ಇರುವಾಗಲೇ ಹೊಗೆ ಟೆಸ್ಟ್ ಮಾಡಿಸಿ. ನಂಬರ್ ಪ್ಲೇಟಿನ ಲೈಟು, ವೈಪರ್, ಹಾರ್ನ್ ನೋಡಿ. ಹಾಡು ಹೇಳುವ ಹಾರ್ನ್ ಇದ್ದರೆ ಬಿಚ್ಚಿ. ಗ್ರೀನ್ ಟ್ಯಾಕ್ಸ್ ಕಟ್ಟಿದ ರಸೀದಿ ಫೈಲಿನಲ್ಲಿರಲಿ.

ಮನೆಯಲ್ಲಿ ಲೈಟ್ ನೋಡುವುದು ಸಂಜೆ ಕತ್ತಲಾದ ಮೇಲೆ, ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ. ಎಲ್ಲ ಸ್ವಿಚ್ ಒಟ್ಟಿಗೆ ಹಾಕಿ. ಹಿಂದೆ ನಿಂತವರು "ಹತ್ತಿತು" ಎಂದರೆ ಸಾಲದು, ಎರಡು ಬದಿ ಸಮ ಇದೆಯಾ ಎಂದು ಕೇಳಿ.

ಎರಡನೇ ಸಲ ಹೋದಾಗ ಅದೇ ಇನ್‌ಸ್ಪೆಕ್ಟರ್. ಲೈಟ್ ಎಲ್ಲ ನೋಡಿ ತಲೆಯಾಡಿಸಿದರು. ಬಾನೆಟ್ ತೆಗೆಸಿ, ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಕಾಗದ ಬರೀ ಕಪ್ಪಾಯಿತು, ಅಂಕಿ ಒಂದೂ ಮೂಡಲಿಲ್ಲ. ಬಣ್ಣ ಅಲ್ಲಿಗೂ ಹೋಗಿತ್ತು. ಜೇಬಿನಲ್ಲಿ ಎಮೆರಿ ಪೇಪರ್ ಉಳಿದಿತ್ತು, ಅಲ್ಲೇ ಕೂತು ಉಜ್ಜಿದೆ.